ಹಗಲು ಚಂದ್ರನ ತಪಾಸಣೆ

ಪಾಠಪುಸ್ತಕದಲ್ಲಿ ಹಗಲಿಗೆ ಸೂರ್ಯ, ರಾತ್ರಿಗೆ ಚಂದ್ರ ಎಂದು ಪಾಳಿ ಹಂಚಿದ ಚಿತ್ರವೊಂದಿತ್ತು. ಅದನ್ನು ಕಂಡರೆ ವಿಜ್ಞಾನದ ಟೀಚರಮ್ಮನಿಗೆ ಮೈಯೆಲ್ಲ ಉರಿ.

"ಚಂದ್ರ ಏನು ರಾತ್ರಿ ಕಾವಲುಗಾರನಾ? ಹಗಲೂ ಇರ್ತಾನೆ. ನಾಳೆ ಹತ್ತು ಗಂಟೆಗೆ ಕಣ್ಣಾರೆ ತೋರಿಸ್ತೀನಿ," ಎಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟರು.

ಆ ನಾಳೆಯೇ ತಪಾಸಣೆಯ ಸಾಹೇಬರು ಬರುವ ದಿನ. ಆರು ವರ್ಷದಿಂದ ಹಂಗಾಮಿಯಾಗಿಯೇ ಉಳಿದಿದ್ದ ಟೀಚರಮ್ಮನ ಕೆಲಸ ಕಾಯಂ ಆಗುವುದು ಬಿಡುವುದು ಅವರು ಬರೆಯುವ ಒಂದು ಷರಾದ ಮೇಲೆ ನಿಂತಿತ್ತು.

ಬೆಳಿಗ್ಗೆ ಹತ್ತಕ್ಕೆ ಚಂದ್ರ ನೀರಿನ ಟ್ಯಾಂಕಿನ ಮೇಲೆ, ಸವೆದ ಸೋಪಿನ ಬಿಲ್ಲೆಯಂತೆ, ಸರಿಯಾದ ಸಮಯಕ್ಕೆ ಹಾಜರಿದ್ದ. ಹಾಜರಿಲ್ಲದವರು ಸಾಹೇಬರು.

"ಅವರು ಬರೋ ತನಕ ಯಾರೂ ಹೊರಗೆ ಕಾಲಿಡಕೂಡದು," ಹೆಡ್‌ಮಾಸ್ತರು ಗುಡುಗಿದರು. "ಮೊದಲು ಸಾಹೇಬರು ನೋಡ್ಬೇಕು, ಆಮೇಲೆ ಮಕ್ಕಳು."

"ಸರ್, ಹನ್ನೆರಡೂವರೆಗೆಲ್ಲ ಮುಳುಗಿಹೋಗ್ತಾನೆ!"

"ಸ್ವಲ್ಪ ಇರೋಕೆ ಹೇಳಮ್ಮ."

"ಅವನೇನು ನಮ್ಮ ಸ್ಕೂಲಿನ ಜವಾನನಾ ಸರ್?"

ಸಾಹೇಬರು ಬಂದಾಗ ಹನ್ನೊಂದು. ಕಾಫಿಯಾಯಿತು. ಹೆಡ್‌ಮಾಸ್ತರ ಭಾಷಣವಾಯಿತು. ಅದು ಇನ್ನೇನು ಮುಗಿಯಿತು ಎನ್ನುವಾಗ ಡ್ರಿಲ್ ಮೇಷ್ಟ್ರು ಸಭಾಂಗಣದೊಳಗೇ ಮಕ್ಕಳನ್ನು ನಿಲ್ಲಿಸಿ ಕವಾಯತು ಶುರುಮಾಡಿದರು. ಬಾಗಿಲ ಬಳಿ ಟೀಚರಮ್ಮ ಕೆಂಡದ ಮೇಲೆ ನಿಂತವರಂತೆ ಚಡಪಡಿಸುತ್ತಿದ್ದರು. ಅಂತೂ ಎಲ್ಲರೂ ಅಂಗಳಕ್ಕೆ ಬಂದಾಗ ಗಂಟೆ ಒಂದು. ಟ್ಯಾಂಕಿನ ಮೇಲೆ ಒಂದು ಕಾಗೆ ಕೂತಿತ್ತು, ಅಷ್ಟೇ.

"ಎಲ್ಲಿ, ನಿಮ್ಮ ಚಂದ್ರ?" ಸಾಹೇಬರು ಕೇಳಿದರು.

ಅವರ ಬೆನ್ನ ಹಿಂದಿನಿಂದ ಹೆಡ್‌ಮಾಸ್ತರು ಮಕ್ಕಳತ್ತ ಕಣ್ಣು ಕೆಕ್ಕರಿಸಿದರು. ನಲವತ್ತು ಬೆರಳು ಒಟ್ಟಿಗೆ ಮೇಲೆದ್ದವು.

"ಅಗೋ ಸಾರ್! ಟ್ಯಾಂಕಿನ ಮೇಲೆ!"

ಸಾಹೇಬರು ಕನ್ನಡಕ ಒರೆಸಿ ನೋಡಿದರು. "ಆಹಾ! ಎಷ್ಟು ಸ್ಪಷ್ಟವಾಗಿದೆ!"

"ಕಲೆಗಳೂ ಕಾಣ್ತಿವೆ ಸಾರ್," ಎಂದರು ಡ್ರಿಲ್ ಮೇಷ್ಟ್ರು.

ಟೀಚರಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಅಲ್ಲೇ ಕಾಯಂ ಆಗುತ್ತಿತ್ತು. ಆದರೆ ಆರು ವರ್ಷದ ಸಿಟ್ಟೆಲ್ಲ ನೆತ್ತಿಗೇರಿತ್ತು.

"ಅಲ್ಲಿ ಏನೂ ಇಲ್ಲ ಸರ್! ಕ್ಯಾಲೆಂಡರ್ ಹುಟ್ಟೋ ಮುಂಚೆ ಜನ ಅವನನ್ನೇ ನೋಡಿ ದಿನ ಎಣಿಸ್ತಿದ್ರು. ಸಾವಿರಾರು ವರ್ಷ ಹಾಗೆ ಕಣ್ಣಿಟ್ಟು ಕಾದರಲ್ಲ, ಅವರಲ್ಲಿ ಒಬ್ಬರಿಗೂ ಮುಳುಗಿದ ಚಂದ್ರ ಕಂಡಿರಲಿಲ್ಲ. ನಿಮಗೆ ಹೇಗೆ ಕಂಡ?"

ಸಾಹೇಬರು ಸಿಟ್ಟಾಗಲಿಲ್ಲ. ತುಂಬ ಕನಿಕರದಿಂದ ಟೀಚರಮ್ಮನ ಮುಖ ನೋಡಿದರು. ಆಮೇಲೆ ಪೆನ್ನು ತೆಗೆದು ಷರಾ ಬರೆದರು:

"ಮಕ್ಕಳ ವೀಕ್ಷಣಾ ಶಕ್ತಿ ಅತ್ಯುತ್ತಮ. ಶಿಕ್ಷಕಿಯ ದೃಷ್ಟಿ ತೀರಾ ದುರ್ಬಲ. ಕಣ್ಣಿನ ಡಾಕ್ಟರ ಸರ್ಟಿಫಿಕೇಟು ಹಾಜರುಪಡಿಸುವವರೆಗೆ ಕಾಯಂ ಮಾಡತಕ್ಕದ್ದಲ್ಲ."