ಯಜಮಾನರ ಮೀಸೆ

ಎಲ್ಲಕ್ಕೂ ಮೂಲ ಎರಡು ಬೆರಳಗಲದ ಒಂದು ಅಂಟುಪಟ್ಟಿ. ಆಸ್ಪತ್ರೆಯಲ್ಲಿ ಯಜಮಾನರ ಮೂಗಿಗೆ ನಳಿಕೆ ಹಾಕಿದಾಗ ಅದು ಜಾರದಿರಲಿ ಎಂದು ಯಾರೋ ಮೀಸೆಯ ಮೇಲೇ ಪಟ್ಟಿ ಅಂಟಿಸಿದ್ದರು. ಮೂರು ದಿನ ಕಳೆದು, ಇನ್ನು ನಳಿಕೆಯೂ ಬೇಡ, ಯಜಮಾನರೂ ಇಲ್ಲ ಎಂದಾದಾಗ ಪಟ್ಟಿ ಕಿತ್ತರು. ಪಟ್ಟಿಯ ಜೊತೆಗೆ ಎಡಮೀಸೆಯ ಮುಕ್ಕಾಲು ಇಂಚೂ ಹೋಯಿತು. ಸತ್ತವರಿಗೆ ನೋವಾಗುವುದಿಲ್ಲ, ಸರಿ. ಆದರೆ ಆ ಮುಕ್ಕಾಲು ಇಂಚು ಮಾರನೆಯ ಬೆಳಿಗ್ಗೆ ಬದುಕಿದ್ದ ಒಬ್ಬ ಬಡಪಾಯಿಯ ಕುತ್ತಿಗೆಗೆ ಬಂತು.

ಆ ಬಡಪಾಯಿಯೇ ನೊರೆಯಣ್ಣ. ಯಜಮಾನರ ಮನೆಯ ಕೆಳಗೆ, ಗೇಟಿನ ಪಕ್ಕದ ಕೋಣೆಯಲ್ಲಿ ಮೂವತ್ತೆರಡು ವರ್ಷದಿಂದ ಅವನ ಕ್ಷೌರದ ಅಂಗಡಿ. ಒಂದು ಕುರ್ಚಿ, ಒಂದು ಕನ್ನಡಿ, ಕತ್ತಿ ಮಸೆಯಲು ಗೋಡೆಗೆ ತೂಗುಬಿಟ್ಟ ಚರ್ಮದ ಪಟ್ಟಿ. ಊರೆಲ್ಲ ಟ್ಯೂಬಿನ ಕ್ರೀಮು, ಬಿಸಾಡುವ ರೇಜರು ಹಿಡಿದರೂ ಅವನು ಮಾತ್ರ ಬಟ್ಟಲಿನಲ್ಲಿ ಸೋಪು ಹಾಕಿ, ಬ್ರಷ್ಷನ್ನು ಗಿರಗಿರ ತಿರುಗಿಸಿ, ಬಟ್ಟಲು ಬೋರಲು ಹಾಕಿದರೂ ಬೀಳದಂಥ ನೊರೆ ಬರುವ ತನಕ ಗಿರಾಕಿಯನ್ನು ಕಾಯಿಸುತ್ತಿದ್ದ. ಆ ಹೆಸರು ಬಂದದ್ದೇ ಹಾಗೆ.

ಯಜಮಾನರು ದಿನ ಬಿಟ್ಟು ದಿನ ಬೆಳಿಗ್ಗೆ ಏಳಕ್ಕೆ ಮೆಟ್ಟಿಲಿಳಿದು ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಗಡ್ಡಕ್ಕೆ ಕತ್ತಿ, ಮೀಸೆಗೆ ಕತ್ತರಿ. ಆ ಮೀಸೆಯೆಂದರೆ ಸಾಮಾನ್ಯದ್ದೇ? ಎರಡು ತುದಿಯೂ ಕೆನ್ನೆಯ ಮೇಲೆ ಹತ್ತಿ ನಿಂತು, ಎದುರಿಗೆ ಬಂದವರು ತಾವಾಗಿ ದಾರಿ ಬಿಡುವಂಥದ್ದು. ಅಂಗಡಿ ತೆಗೆಸಿ ಅಲ್ಲಿ ಕಾರು ನಿಲ್ಲಿಸಬೇಕೆಂದು ಅವರ ದೊಡ್ಡ ಮಗ ವರ್ಷಗಳಿಂದ ಹೊಂಚು ಹಾಕಿದ್ದ. "ನಾನಿರೋ ತನಕ ನೊರೆಯಣ್ಣನ ತಂಟೆಗೆ ಹೋಗ್ಬೇಡ" ಎಂದು ಯಜಮಾನರು ಅವನ ಬಾಯಿ ಮುಚ್ಚಿಸಿದ್ದರು. ಈಗ ಅವರಿಲ್ಲ. ಸುದ್ದಿ ಕೇಳಿದಾಗಿನಿಂದ ನೊರೆಯಣ್ಣ ಅತ್ತದ್ದೇ ಅತ್ತದ್ದು. ಅರ್ಧ ಯಜಮಾನರಿಗಾಗಿ, ಅರ್ಧ ಅಂಗಡಿಗಾಗಿ. ಯಾವ ಹನಿ ಯಾರ ಪಾಲಿನದೆಂದು ಅವನಿಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಯಜಮಾನರ ಹೆಂಡತಿ, ಎಲ್ಲರ ಬಾಯಲ್ಲೂ ಅಮ್ಮಾವ್ರು, ಅವನನ್ನು ಮೇಲಕ್ಕೆ ಕರೆಸಿದರು. ಅತ್ತು ಅತ್ತು ಅವರ ದನಿ ಬಿದ್ದುಹೋಗಿತ್ತು.

"ನೋಡಪ್ಪಾ, ಹನ್ನೊಂದಕ್ಕೆ ಗಾಡಿ ಬರುತ್ತೆ. ಮೂರು ದಿನದ ಗಡ್ಡ, ಪಟ್ಟಿ ಕಿತ್ತ ಗುರುತು... ಆ ಮುಖ ನನ್ನ ಕೈಲಿ ನೋಡೋಕಾಗ್ತಿಲ್ಲ. ನನ್ನ ಕಣ್ಣಿಗೆ ಒಪ್ಪೋ ಹಾಗೆ ಮಾಡಿಕೊಡು. ಆಮೇಲೇ ನಾನು ಆ ರೂಮಿಗೆ ಬರೋದು."

"ಆಗಲಿ ಅಮ್ಮಾವ್ರೇ."

"ಈ ಮನೆ ಇರೋದು ನನ್ನ ಹೆಸರಲ್ಲಿ. ಅವರನ್ನ ಚೆನ್ನಾಗಿ ಕಳಿಸಿಕೊಟ್ರೆ, ನಾನಿರೋವರೆಗೂ ನಿನ್ನನ್ನ ಆ ಅಂಗಡಿಯಿಂದ ಯಾರೂ ಎಬ್ಬಿಸಲ್ಲ."

ನೊರೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಬಾಗಿಲಲ್ಲಿ ನಿಂತಿದ್ದ ದೊಡ್ಡ ಮಗನ ಮುಖ ಮಾತ್ರ ಹುಳ್ಳಗಾಯಿತು. ಅವನದೂ ಅಪ್ಪನ ಅಚ್ಚಿನದೇ ಮೀಸೆ, ಬಣ್ಣ ಮಾತ್ರ ಕಪ್ಪು. ಅದನ್ನು ಸವರಿಕೊಂಡು, "ನಾನೂ ಪಕ್ಕದಲ್ಲೇ ಇರ್ತೀನಮ್ಮ, ಏನೂ ಹೆಚ್ಚುಕಮ್ಮಿ ಆಗದ ಹಾಗೆ" ಎಂದ.

ಕೋಣೆಯಲ್ಲಿ ಯಜಮಾನರು ಮಂಚದ ಮೇಲೆ ಮಲಗಿದ್ದರು, ಗದ್ದದವರೆಗೂ ಬಿಳಿ ಹೊದಿಕೆ. ನೊರೆಯಣ್ಣ ಬಿಸಿನೀರು ಕೇಳಿದ. ಸೊಸೆ ಚೊಂಬು ತಂದಿಟ್ಟು ಮೆಲ್ಲಗೆ, "ಅವರಿಗೆ ಬಿಸಿ ತಣ್ಣಗೆ ಗೊತ್ತಾಗುತ್ತಾ?" ಅಂದಳು.

"ನನಗೆ ಗೊತ್ತಾಗುತ್ತಲ್ಲಮ್ಮ" ಎಂದು ನೊರೆಯಣ್ಣ ಬ್ರಷ್ಷು ಅದ್ದಿದ.

ಅಷ್ಟರಲ್ಲಿ ಯಜಮಾನರ ಅಳಿಯ ಮೂಗು ತೂರಿಸಿದ. "ಇದೇ ಕತ್ತೀಲಿ ಊರವರಿಗೆಲ್ಲ ಮಾಡ್ತೀಯಲ್ಲ? ಸೋಂಕು ಗೀಂಕು ತಗುಲಿದ್ರೆ? ನನ್ನ ಹತ್ರ ಸೇಫ್ಟಿ ರೇಜರ್ ಇದೆ, ಹೊಸ ಬ್ಲೇಡು ಹಾಕಿಕೊಡ್ತೀನಿ."

"ಇನ್ನು ಯಾವ ಸೋಂಕು ಸ್ವಾಮಿ ಇವರಿಗೆ?"

ಅಳಿಯ ಯೋಚಿಸಿ ನೋಡಿ ತಲೆದೂಗಿದ.

ಗಡ್ಡದ ಕೆಲಸ ಸರಾಗವಾಗಿ ನಡೆಯಿತು. ಆದರೂ ಕೈಗೆ ಅಭ್ಯಾಸವಿಲ್ಲದ ಕೆಲಸ. ತಣ್ಣಗಾದ ಚರ್ಮ ಬೆರಳಿನ ಜೊತೆ ಎಳೆದತ್ತ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುವುದಿಲ್ಲ. ಕೆನ್ನೆಯ ಗುಳಿಗೆ ಬಂದಾಗ ನೊರೆಯಣ್ಣ ಎಂದಿನ ರೂಢಿಯಲ್ಲಿ, "ಯಜಮಾನರೇ, ಸ್ವಲ್ಪ ಗಾಳಿ ತುಂಬಿ" ಅಂದುಬಿಟ್ಟ. ಅಳಿಯ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ನೊರೆಯಣ್ಣನ ಕಣ್ಣು ತುಂಬಿ ಬಂತು. ಮೂವತ್ತೆರಡು ವರ್ಷ ಹೇಳಿದ ಕೂಡಲೇ ಉಬ್ಬುತ್ತಿದ್ದ ಕೆನ್ನೆ ಅದು. ಅವನು ತೋಳಿನಿಂದ ಕಣ್ಣೊರೆಸಿಕೊಂಡು, ಹೆಬ್ಬೆರಳಿನಿಂದ ಕೆನ್ನೆ ಬಿಗಿಹಿಡಿದು ಕೆಲಸ ಮುಗಿಸಿದ. ಒಂದು ಗೀರೂ ಬೀಳಲಿಲ್ಲ.

ಇನ್ನುಳಿದದ್ದು ಮೀಸೆ. ಎಡಗಡೆ ಮುಕ್ಕಾಲು ಇಂಚು ಗಿಡ್ಡ. ನೊರೆಯಣ್ಣ ಬಲಗಡೆಯನ್ನೂ ಅಷ್ಟೇ ಕತ್ತರಿಸಿ ತುದಿ ತಿರುಚಿದ. ಅಲ್ಲಿಗೆ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಬಿಡುವವರು ಯಾರು?

"ಬಲಗಡೆ ಇನ್ನೂ ಉದ್ದ ಇದೆ" ಅಂದ ದೊಡ್ಡ ಮಗ, ಮಂಚದ ಕಾಲ ಬಳಿ ನಿಂತು.

"ಇಲ್ಲ ಭಾವ, ಎಡಗಡೆಯೇ ಉದ್ದ" ಅಂದ ಅಳಿಯ, ತಲೆಯ ಬಳಿ ನಿಂತು.

ಇದೇ ಹೊತ್ತಿಗೆ ಪಕ್ಕದಂಗಡಿಯ ದರ್ಜಿ, ಯಜಮಾನರಿಗೆ ತೊಡಿಸಬೇಕಾದ ಕೋಟು ಇಸ್ತ್ರಿ ಮಾಡಿಕೊಂಡು ಬಂದ. ಅವನ ಕುತ್ತಿಗೆಯಲ್ಲಿ ಸದಾ ಟೇಪು. "ಜಗಳ ಯಾಕೆ, ಅಳೆದ್ರಾಯ್ತು" ಎಂದು ಬಾಗಿ ಮೀಸೆಯ ಅಳತೆ ತೆಗೆದ. "ಬಲಗಡೆ ಎರಡು ನೂಲು ಜಾಸ್ತಿ. ಇಳಿಸು."

ನೊರೆಯಣ್ಣ ಇಳಿಸಿದ. ಈಗ ಎಡ ಒಂದು ನೂಲು ಜಾಸ್ತಿಯಾಯಿತು. ಎಡವನ್ನು ಇಳಿಸಿದ. ದೊಡ್ಡ ಮಗ ಕಣ್ಣು ಕಿರಿದು ಮಾಡಿ ನೋಡಿ, "ವಾಲಿದೆ ಕಣಯ್ಯಾ, ವಾಲಿದೆ" ಎಂದ. ಮತ್ತೆ ಬಲ. ಮತ್ತೆ ಎಡ. ಕುರ್ಚಿಯಲ್ಲಿ ಕೂತ ಗಿರಾಕಿಯಾದರೆ ಕನ್ನಡಿ ನೋಡಿ "ಸಾಕು ಮಾರಾಯಾ" ಎಂದು ಎದ್ದುಬಿಡುತ್ತಾನೆ. ಇಲ್ಲಿ ಸಾಕು ಅನ್ನಬೇಕಾದವರು ಕಣ್ಣುಮುಚ್ಚಿ ಮಲಗಿದ್ದರು. ಮಾತಾಡುವ ಮೂವರಿಗೂ ಸಾಕಾಗಿರಲಿಲ್ಲ.

ಮೀಸೆ ಕೆನ್ನೆಯಿಂದ ತುಟಿಗೆ ಇಳಿದಾಗ ಅಳಿಯ ಒಂದು ಸಂಗತಿ ಕಂಡುಹಿಡಿದ. "ಅಯ್ಯೋ, ದಿಂಬೇ ಓರೆಯಾಗಿದೆ! ಮಾವನವರ ತಲೆ ಒಂದು ಕಡೆಗೆ ಬಿದ್ದಿದೆ. ಅದಕ್ಕೇ ಎಲ್ಲ ವಾಲಿದ ಹಾಗೆ ಕಾಣ್ತಿತ್ತು." ದಿಂಬು ಸರಿಮಾಡಿದರು. ತಲೆ ನೆಟ್ಟಗಾಯಿತು. ಇಲ್ಲಿಯ ತನಕ ವಾಲಿದ ತಲೆಗೆ ಸಮ ಮಾಡಿದ್ದ ಮೀಸೆ ಈಗ ನಿಜವಾಗಿಯೂ ಸೊಟ್ಟಗಾಗಿ ನಿಂತಿತು.

"ನನ್ನ ಕರ್ಮ!" ಎಂದು ನೊರೆಯಣ್ಣ ಮತ್ತೆ ಕತ್ತರಿ ಎತ್ತಿದ.

ಹತ್ತು ಗಂಟೆಯ ಹೊತ್ತಿಗೆ ಯಜಮಾನರ ಮೂಗಿನ ಕೆಳಗೆ ಉಳಿದದ್ದು ನೊಣ ಕೂತಷ್ಟು ಜಾಗ. ಇಡೀ ಬೀದಿಯನ್ನು ನಡುಗಿಸಿದ ಮುಖ ಈಗ ಶಾಲೆಯ ನಾಟಕಕ್ಕೆ ಬಣ್ಣ ಹಚ್ಚಿದ ಹುಡುಗನ ಮುಖದಂತೆ ಕಾಣುತ್ತಿತ್ತು.

"ಏನಯ್ಯಾ ಇದು?" ದೊಡ್ಡ ಮಗ ಗುಡುಗಿದ. "ನಮ್ಮಪ್ಪನ್ನ ಜೋಕರ್ ಮಾಡಿದ್ಯಲ್ಲೋ! ಅದಕ್ಕಿಂತ ಇಲ್ಲದೇ ಇದ್ರೇ ವಾಸಿ. ತೆಗಿ ಅದನ್ನ!"

ನೊರೆಯಣ್ಣ ಹಿಂದುಮುಂದು ನೋಡದೆ ನೊರೆ ಹಚ್ಚಿ ಕತ್ತಿ ಎಳೆದ. ಒಂದು ಎಳೆತ, ಇನ್ನೊಂದು ಎಳೆತ, ಅಷ್ಟೇ. ಒದ್ದೆ ಬಟ್ಟೆಯಿಂದ ಒರೆಸಿದಾಗ ಬಿಸಿಲೇ ಕಾಣದ ಬೆಳ್ಳನೆಯ ಮೇಲ್ತುಟಿ ಹೊರಗೆ ಬಂತು. ಮೆತ್ತನೆಯ, ತುಸು ಮೇಲಕ್ಕೆ ತಿರುಗಿದ, ಯಾರನ್ನೂ ಎಂದೂ ಹೆದರಿಸದಂಥ ತುಟಿ.

"ಯಾರಿವರು?" ಅಂದ ಅಳಿಯ, ಪಿಸುದನಿಯಲ್ಲಿ.

ದೊಡ್ಡ ಮಗ ಮೊದಲು ಬೆವರಿದ, ಆಮೇಲೆ ಏನೋ ಹೊಳೆದವನಂತೆ ನೆಮ್ಮದಿಯಾದ. "ಆಯ್ತು ಬಿಡು. ಅಮ್ಮ ಬಂದು ನೋಡಲಿ. ನಿನ್ನ ಅಂಗಡಿ ಕತೆ ಇವತ್ತಿಗೆ ಮುಗೀತು."

ಐವತ್ತೆಂಟರ ವಯಸ್ಸಿನಲ್ಲಿ ನೊರೆಯಣ್ಣ ಇನ್ನೆಲ್ಲಿ ಹೋಗಿ ಕುರ್ಚಿ ಹಾಕುವುದು? ದರ್ಜಿಗೆ ಪಾಪ ಅನ್ನಿಸಿತೋ, ಟೇಪು ಹಿಡಿದ ಪಾಪಪ್ರಜ್ಞೆಯೋ, ತನ್ನ ಜೇಬಿನಿಂದ ಬಿಳಿ ದಾರದ ಉಂಡೆ ತೆಗೆದ. "ದಾರದಲ್ಲಿ ಒಂದು ಮೀಸೆ ಕಟ್ಟೋಣ ಕಣಯ್ಯಾ. ದೂರದಿಂದ ಗೊತ್ತಾಗಲ್ಲ." ಅಳಿಯ ಎಲ್ಲಿಂದಲೋ ಗೋಂದು ತಂದ. ನೊರೆಯಣ್ಣ ದಾರವನ್ನು ತುಂಡು ಮಾಡಿ, ಸುರುಳಿ ಮಾಡಿ, ಗೋಂದು ಹಚ್ಚಿ, ಯಜಮಾನರ ತುಟಿಯ ಬಳಿ ಒಯ್ದ. ಅದು ತುಟಿಗೆ ಅಂಟಲಿಲ್ಲ. ಅವನ ಹೆಬ್ಬೆರಳಿಗೇ ಅಂಟಿಕೊಂಡಿತು. ಕೊಡವಿದ, ಬಿಡಲಿಲ್ಲ. ಇನ್ನೊಂದು ಕೈಯಿಂದ ಎಳೆದ, ಆ ಕೈಗೂ ಹತ್ತಿತು.

ಹೀಗೆ ಎರಡೂ ಕೈಗೆ ಮೀಸೆ ಬಂದು ನಿಂತಿದ್ದಾಗ ಬಾಗಿಲು ತೆರೆಯಿತು. ಅಮ್ಮಾವ್ರು.

"ಇವನೇ ಅಮ್ಮ! ಇವನೇ ಮಾಡಿದ್ದು!" ದೊಡ್ಡ ಮಗ ಬೆರಳು ತೋರಿಸಿದ. ಅಳಿಯನೂ ತೋರಿಸಿದ. ದರ್ಜಿ ಟೇಪನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಅಮ್ಮಾವ್ರು ಯಾರ ಮಾತಿಗೂ ಕಿವಿಗೊಡಲಿಲ್ಲ. ಮಂಚದ ಬಳಿ ಬಂದರು, ಬಾಗಿದರು, ನೋಡಿದರು. ಅವರ ಬೆರಳು ಗಾಳಿಯಲ್ಲಿ ಒಂದು ಕ್ಷಣ ನಿಂತು, ಆಮೇಲೆ ಆ ಬೆಳ್ಳನೆಯ ತುಟಿಯನ್ನು ಮುಟ್ಟಿತು. ಮುಟ್ಟಿದ್ದೇ ತಡ, ಅಮ್ಮಾವ್ರು ಮಗುವಿನ ಹಾಗೆ ಅತ್ತರು.

"ಬಂದ್ರಾ... ಕೊನೆಗೂ ಬಂದ್ರಾ..." ಅಂದರು. "ಮೊದಲ ಸಲ ನೋಡಿದಾಗ ಹೀಗೇ ಇದ್ರು. ಈ ಮುಖ ನೋಡೇ ನಾನು ಒಪ್ಪಿದ್ದು. ಆಮೇಲೆ ಆ ಹಾಳು ಮೀಸೆ ಬಿಟ್ಟರು. ಒಂದೇ ಒಂದು ಸಲ ತೆಗೆಸಿ, ನೋಡ್ಕೋತೀನಿ ಅಂತ ಎಷ್ಟು ವರ್ಷ ಗೋಗರೆದೆ!"

ದೊಡ್ಡ ಮಗ ಬೆರಳು ಮಡಚಿಕೊಂಡ. "ಅದಕ್ಕೇ ಅಮ್ಮ, ನಾನೇ ಹೇಳಿ ತೆಗೆಸಿದ್ದು" ಅಂದ.

ನೊರೆಯಣ್ಣನಿಗೆ ಸಂತೋಷವೋ ಸಂತೋಷ. ಅಂಗಡಿ ಉಳಿಯಿತು! ಮೂರು ದಿನದ ಮೇಲೆ ಮೊದಲ ಸಲ ಎದೆಯುಬ್ಬಿಸಿ ನಿಂತ.

ಅಮ್ಮಾವ್ರು ಕಣ್ಣೊರೆಸಿಕೊಂಡು ತಿರುಗಿದರು. "ತುಂಬ ಕಷ್ಟ ಆಯ್ತೇನಪ್ಪಾ?"

"ಕಷ್ಟ ಎಂಥದ್ದು ಅಮ್ಮಾವ್ರೇ! ಎರಡೇ ಎಳೆತ. ನನ್ನ ಕೈಗೆ ಅದೊಂದು ಕೆಲಸಾನಾ?"

"ಎರಡೇ ಎಳೆತ?"

"ಎರಡೇ. ಒಂದು ಗೀರೂ ಇಲ್ಲ, ನೀವೇ ನೋಡಿ."

ಅಮ್ಮಾವ್ರ ಮುಖದ ಮೇಲಿನ ನೀರು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. "ಹಾಗಾದ್ರೆ ಮೀಸೆ ತೆಗೆದ್ರೆ ತುಟಿಯ ನರ ಕಟ್ಟಾಗುತ್ತೆ, ಬಾಯಿ ಸೊಟ್ಟಗಾಗುತ್ತೆ ಅಂತ ಯಾಕೆ ಹೆದರಿಸಿದೆ? ಪ್ರತಿ ವರ್ಷ ನನ್ನ ಮಾತಿಗೆ ಒಪ್ಪಿ, ಇವತ್ತು ತೆಗೆಸಿಯೇ ತೆಗೆಸ್ತೀನಿ ಅಂತ ಕೆಳಗಿಳಿದು ಬರೋರು. ಪ್ರತಿ ವರ್ಷ ಸಪ್ಪಗೆ ವಾಪಸು ಬಂದು 'ನೊರೆಯಣ್ಣ ಖಡಾಖಂಡಿತ ಒಪ್ಪಲಿಲ್ಲ ಕಣೇ' ಅನ್ನೋರು. ಮೂವತ್ತೆರಡು ವರ್ಷ! ನನ್ನ ಗಂಡನ ಮುಖ ನನಗೆ ತೋರಿಸದೆ ಇಟ್ಟೋನು ನೀನು. ಸತ್ತ ಮೇಲೆ ಎರಡು ಎಳೆತಕ್ಕೆ ತೋರಿಸ್ತಿದ್ಯಾ?"

ನೊರೆಯಣ್ಣ ಬಾಯಿ ತೆರೆದ. ಯಜಮಾನರು ಒಂದೇ ಒಂದು ದಿನವೂ ತೆಗೆ ಅಂದವರಲ್ಲ. ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಮೀಸೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಒಂಚೂರು ಎಣ್ಣೆ ಹಚ್ಚು, ತುದಿ ಮೇಲಕ್ಕಿರಲಿ" ಅಂದವರು. ಅಷ್ಟನ್ನು ಹೇಳಿದರೆ ಸಾಕು, ಅಂಗಡಿ ಉಳಿಯುತ್ತದೆ.

ಅಮ್ಮಾವ್ರ ಒಂದು ಕೈ ಇನ್ನೂ ಆ ತುಟಿಯ ಮೇಲೇ ಇತ್ತು. ಅರ್ಧ ಗಂಟೆಯಲ್ಲಿ ಗಾಡಿ ಬರುತ್ತದೆ. ಈಗ ತಾನೇ ಸಿಕ್ಕಿದ ಗಂಡ, ಮೂವತ್ತೆರಡು ವರ್ಷ ಸುಳ್ಳು ಹೇಳಿದವನು ಎಂದು ಯಾವ ಬಾಯಲ್ಲಿ ಹೇಳುವುದು?

"ಹೌದು ಅಮ್ಮಾವ್ರೇ" ಅಂದ ನೊರೆಯಣ್ಣ. "ನಾನೇ ಬೇಡ ಅಂದಿದ್ದೆ. ತಪ್ಪಾಯ್ತು."

"ನಾಳೆ ಸಂಜೆಯೊಳಗೆ ಅಂಗಡಿ ಖಾಲಿ ಮಾಡು. ನಿನ್ನ ಮುಖ ನನಗೆ ತೋರಿಸ್ಬೇಡ."

ದೊಡ್ಡ ಮಗನಿಗೆ ದುಃಖದ ಮನೆಯಲ್ಲಿ ನಗು ತಡೆಯುವುದೇ ಕಷ್ಟವಾಯಿತು. ಮೀಸೆಯ ಮೇಲೆ ಕೈಯಾಡಿಸಿಕೊಂಡು ಆ ಕಡೆ ತಿರುಗಿದ. ಆ ಕೈಯ ಹಿಂದೆಯೇ ಅಮ್ಮಾವ್ರ ಕಣ್ಣೂ ಹೋಯಿತು.

"ನೀನು ಎಲ್ಲಿಗೆ ಹೊರಟೆ? ಕೂತ್ಕೋ ಇಲ್ಲಿ."

"ಯಾಕಮ್ಮ?"

"ನೊರೆಯಣ್ಣಾ, ಹೋಗೋ ಮುಂಚೆ ಇವನದೂ ತೆಗೆದು ಹೋಗು. ನನ್ನ ಸೊಸೆಯಾದ್ರೂ ಗಂಡ ಬದುಕಿರುವಾಗಲೇ ಅವನ ಮುಖ ನೋಡಲಿ."

ಆ ಮನೆಯಲ್ಲಿ ಅಮ್ಮಾವ್ರ ಮಾತು ಮೀರಿದವರಿಲ್ಲ. ದೊಡ್ಡ ಮಗ ಸ್ಟೂಲಿನ ಮೇಲೆ ಕೂತ. ನೊರೆಯಣ್ಣ ಗೋಂದು ಮೆತ್ತಿದ ಕೈಯಲ್ಲೇ ನೊರೆ ಕಲಸಿ ಹಚ್ಚಿ, ಅವನ ಮೂಗಿನ ತುದಿ ಹಿಡಿದು ಮೇಲಕ್ಕೆತ್ತಿದ. ದೊಡ್ಡ ಮಗ ಕಣ್ಣು ಮೇಲೆ ಮಾಡಿ, ತುಟಿ ಅಲ್ಲಾಡಿಸದೆ ಕೇಳಿದ: "ನೊರೆಯಣ್ಣಾ, ಆ ನರದ ವಿಷಯ... ನಿಜಾನಾ?"

"ನಿಮ್ಮಪ್ಪ ಹೇಳಿದ ಮಾತು ಸುಳ್ಳಾಗುತ್ತಾ ಸ್ವಾಮಿ?" ಎಂದು ನೊರೆಯಣ್ಣ ಕತ್ತಿ ಇಟ್ಟ.