ಎರಡು ಸಲ ಸತ್ತವರಿಗೆ ನಾನು ಕಪ್ ಕೊಡಲಿಲ್ಲ

ಬಾಡಿಗೆ ಮನೆಯಲ್ಲಿ ಇರುವವನು ಮನೆ ಮಾಲೀಕನ ಅಭಿನಯಕ್ಕೆ ತೀರ್ಪುಗಾರನಾಗಿ ಕೂರಬಾರದು ಎಂದು ತಿಳಿದವರು ಹೇಳುತ್ತಾರೆ. ನಾನು ಕೂತೆ. ಕೂತದ್ದಷ್ಟೇ ಅಲ್ಲ, ಅವರಿಗೆ ಕಪ್ ಕೊಡಲೂ ಇಲ್ಲ. ಇಂದಿಗೂ ಯಾರಾದರೂ ‘ಅವತ್ತು ನೀವು ತಪ್ಪು ಮಾಡಿದಿರಿ’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನು ತಪ್ಪು? ಎದುರಿಗೆ ಬಂದು ಹೇಳಲಿ, ನೋಡೋಣ.

ಎಪ್ಪತ್ತರ ದಶಕದ ಕೊನೆಯ ಮಾತು. ಹಿರೇಹಡಗಲಿಯವನಾದ ನಾನು ಆಗ ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಅಮೆರಿಕಾದ ಹೆಸರಾಂತ ಹಳೆಯ ನಾಟಕವೊಂದನ್ನು ಊರಿನ ಹವ್ಯಾಸಿ ಸಂಘದವರು ಹಿಂದೊಮ್ಮೆ ಕನ್ನಡದಲ್ಲಿ ಆಡಿ ಸೈ ಎನಿಸಿಕೊಂಡಿದ್ದರು. ಅದನ್ನೇ ಮತ್ತೆ ರಂಗಕ್ಕೆ ತಂದರು. ಪಾತ್ರಧಾರಿಗಳಲ್ಲಿ ಉತ್ತಮರಾದ ಒಬ್ಬರಿಗೆ ಎಣ್ಣೆ ಗಿರಣಿಯ ಸಾಹುಕಾರರ ಬೆಳ್ಳಿ ಕಪ್. ಚಿತ್ರದುರ್ಗದಿಂದ ಬರಬೇಕಿದ್ದ ತೀರ್ಪುಗಾರರ ಬಸ್ಸು ಕಾನಹೊಸಹಳ್ಳಿಯಲ್ಲಿ ಕೆಟ್ಟು ನಿಂತಿತು. “ಅಮೆರಿಕಾದ ನಾಟಕ ಅಂದಮ್ಯಾಲೆ ಇಂಗ್ಲಿಷ್ ಮೇಷ್ಟ್ರಿಗಿಂತ ಇನ್ಯಾರು ಬೇಕ್ರಿ?” ಎಂದು ಸಂಘದ ಕಾರ್ಯದರ್ಶಿ ನನ್ನನ್ನು ಮುಂದಿನ ಸಾಲಿಗೆ ಎಳೆದು ಕೂರಿಸಿದರು. ನಾನು ಕಂಡ ಅಮೆರಿಕಾ ಎಂದರೆ ಅಲ್ಲಿಂದ ಶಾಲೆಗೆ ಬರುತ್ತಿದ್ದ ಹಾಲಿನ ಪುಡಿಯ ಡಬ್ಬಿ. ಆದರೂ ಬಂದ ಮರ್ಯಾದೆಯನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ನಾಯಕ ಬೇರಾರೂ ಅಲ್ಲ, ನಮ್ಮ ಮನೆ ಮಾಲೀಕ, ಕಿರಾಣಿ ಅಂಗಡಿಯ ಕೊಟ್ರಬಸಪ್ಪ. ಕೋಟು, ಟೋಪಿ ಹಾಕಿದ ಅಮೆರಿಕಾದ ಮುದಿ ಜಮೀನ್ದಾರನ ಪಾತ್ರ. ನಮ್ಮ ಕಡೆ ಗಂಡಸರ ಪಾತ್ರ ಊರಿನವರಿಗೆ, ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ. ಹಾಗೆ ಹೆಂಡತಿಯ ಪಾತ್ರಕ್ಕೆ ಹರಪನಹಳ್ಳಿಯಿಂದ ಬಂದವರು ರತ್ನಮ್ಮ, ನಾಟಕ ಕಂಪನಿಗಳಲ್ಲಿ ಪಳಗಿದ ಹೆಂಗಸು. ಕೊಟ್ರಬಸಪ್ಪ ಸಾಯುವ ದೃಶ್ಯವನ್ನು ಮನೆಯಲ್ಲೇ ಅಭ್ಯಾಸ ಮಾಡಿದ್ದರು. ಗೋಡೆಯಾಚೆ ಅವರು ನರಳಿದಾಗಲೆಲ್ಲ ನನ್ನ ಹೆಂಡತಿ ಹೌಹಾರಿ ನೀರಿನ ತಂಬಿಗೆ ಹಿಡಿದು ಓಡುತ್ತಿದ್ದಳು. ಕಪ್ ಇಡಲು ಅಂಗಡಿಯಲ್ಲಿ ಬೆಲ್ಲದ ಪಿಂಡಿ ಸರಿಸಿ ಜಾಗವೂ ಆಗಿತ್ತು. “ಮೇಷ್ಟ್ರ, ಮನಿ ಮಾಲಕ್ರನ್ನ ಮರೀಬ್ಯಾಡ್ರಿ ಮತ್ತ” ಎಂದು ಬಣ್ಣ ಹಚ್ಚಿಕೊಂಡೇ ಬಂದು ಹೇಳಿಹೋದರು.

ಕೊನೆಯ ದೃಶ್ಯ. ಮುದುಕ ತೂಗುಕುರ್ಚಿಯಲ್ಲಿ ಕೂತು ಪ್ರಾಣ ಬಿಡಬೇಕು. ಕೊಟ್ಟೂರಿನಲ್ಲಿ ತೂಗುಕುರ್ಚಿ ಎಲ್ಲಿಂದ ತರೋಣ? ಕ್ಷೌರದಂಗಡಿಯ ತಿರುಗುವ ಕುರ್ಚಿ ತಂದಿದ್ದರು. ಕೊಟ್ರಬಸಪ್ಪ ಎದೆ ಹಿಡಿದು ಒಂದು ಸಲ ಜಗ್ಗಿದರು ನೋಡಿ, ಕುರ್ಚಿ ಗಿರ್ರನೆ ತಿರುಗಿತು. ನಮಗೆ ಬೆನ್ನು ಹಾಕಿಯೇ ಸತ್ತರು. ರತ್ನಮ್ಮ ಮೈಮೇಲೆ ಬಿದ್ದು ಗೋಳಾಡಿದರು. ಜನ ಬಿಡಬೇಕಲ್ಲ! “ಒನ್ಸ್ ಮೋರ್! ಸತ್ತದ್ದು ಕಾಣ್ಲಿಲ್ಲಲೇ ಕೊಟ್ರ, ಇನ್ನೊಮ್ಮಿ ಸಾಯಿ!” ಕೊಟ್ರಬಸಪ್ಪನವರಿಗೆ ಅಷ್ಟೇ ಸಾಕಾಗಿತ್ತು. ಎದ್ದರು, ಟೋಪಿ ಸರಿಮಾಡಿಕೊಂಡರು, ಜನಕ್ಕೆ ಕೈ ಮುಗಿದರು, ನಮ್ಮ ಕಡೆ ಮುಖ ಮಾಡಿ ಕೂತು, ಕುರ್ಚಿ ತಿರುಗದಂತೆ ಒಂದು ಕಾಲು ನೆಲಕ್ಕೆ ಊರಿ ಮೊದಲಿಗಿಂತ ಗಟ್ಟಿಯಾಗಿ ನರಳಿ ಮತ್ತೆ ಸತ್ತರು.

ಈಗ ರತ್ನಮ್ಮನ ಪಾಡು ಯೋಚಿಸಿ. ಕಣ್ಣೀರು ಒರೆಸಿಕೊಂಡು ನಿಂತಿದ್ದಾಕೆ, ಈಗಷ್ಟೇ ಎದ್ದು ಕೈ ಮುಗಿದ ಹೆಣಕ್ಕೆ ಮತ್ತೆ ಅಳಬೇಕು. ಈ ಸಲ ಆಕೆ ಕಿರುಚಲಿಲ್ಲ. ಮೆಲ್ಲಗೆ ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದರು. ಕೈ ಹಿಂದಕ್ಕೆ ತೆಗೆದರು. ಚಳಿಯಾದೀತು ಎಂಬಂತೆ ಗಂಡನ ಕೋಟಿನ ಗುಂಡಿ ಹಾಕತೊಡಗಿದರು. ಜನ ಶೇಂಗಾ ಸುಲಿಯುವ ಸದ್ದು ಸಹ ನಿಂತಿತು. ಕಪ್ ರತ್ನಮ್ಮನಿಗೆ ಎಂದು ಮೈಕಿನಲ್ಲಿ ನಾನೇ ಹೇಳಿದೆ.

ಬೆಳಗಾಗುತ್ತಲೇ ಮೀಸೆಯ ಅಂಟು ಇನ್ನೂ ಬಿಡದ ಮುಖದಲ್ಲಿ ಕೊಟ್ರಬಸಪ್ಪ ನಮ್ಮ ಕಟ್ಟೆಗೆ ಬಂದರು.

“ಎರಡು ಸಲ ಸತ್ತೋನು ನಾನು, ಕಪ್ ಅಕಿಗೇನ್ರಿ?”

“ಸಾಯೋದೇನ್ರಿ, ಕಣ್ಣು ಮುಚ್ಚಿದ್ರಾತು. ಅಳೋದು ಕಷ್ಟ.”

“ಊರ ಕಪ್ ಹರಪನಹಳ್ಳಿಗೆ ಹೋತಲ್ರಿ! ಮನಿ ಖಾಲಿ ಮಾಡ್ರಿ.”

“ಮನಿ ಬದಲು ಮಾಡ್ತೀನ್ರಿ. ತೀರ್ಪು ಬದಲು ಮಾಡಂಗಿಲ್ಲ” ಎಂದೆ. ಒಳಗೆ ನನ್ನ ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತದ್ದು ಕಾಣುತ್ತಿತ್ತು. ಕೂರಲಿ ಎಂದುಕೊಂಡೆ.

ಅಷ್ಟರಲ್ಲಿ ಕೊಟ್ರಬಸಪ್ಪನವರ ಹೆಂಡತಿ ಗೌರಮ್ಮ ಪೊರಕೆ ಹಿಡಿದೇ ಹೊರಗೆ ಬಂದರು. “ಯಾರೂ ಎಲ್ಲೀಗೂ ಹೋಗೂದು ಬ್ಯಾಡ. ಸಾರಿಗೆ ಉಪ್ಪು ಕಮ್ಮಿ ಆದ್ರ ಸಾಕು, ಇವ್ರು ‘ಸಾಯ್ತೀನಿ’ ಅಂತ ಬಾವಿಕಟ್ಟಿಗೆ ಹೋಗಿ ಕುಂದರ್ತಾರ. ಪ್ರತಿ ಸಲ ನಾ ಹೊಸದಾಗಿ ಅಳಬೇಕು. ಅದರ ಕಷ್ಟ ತಿಳಿದೋರು ಈ ಊರಾಗ ಮೇಷ್ಟ್ರೊಬ್ರೇ.” ಕೊಟ್ರಬಸಪ್ಪ ಅಂಗಡಿಗೆ ನಡೆದರು. ಅದೇ ಮನೆಯಲ್ಲಿ ನಾವು ಬಹುಕಾಲ ಇದ್ದೆವು.

ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ನಾನು ಹೇಳದೆ ಬಿಡುವುದಿಲ್ಲ. ಮೊನ್ನೆ ಕೂಡ್ಲಿಗಿಯಿಂದ ಬಂದ ನೆಂಟರಿಗೂ ಹೇಳಿದೆ. ಕುರ್ಚಿ ಗಿರ್ರನೆ ತಿರುಗಿದ ಕಡೆ ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ. ಅವರನ್ನು ಬಸ್ಸು ಹತ್ತಿಸಿ ಬಂದು, “ನೋಡು, ಇಷ್ಟು ವರ್ಷ ಕೇಳಿದ್ರೂ ನಿನಗ ಪ್ರತಿ ಸಲ ಹೊಸದಾಗಿ ನಗಿ ಬರ್ತೈತಿ. ನಾ ಹೇಳೂದು ಹಂಗ ಇರ್ತೈತಿ” ಎಂದು ಬೀಗಿದೆ.

ಅವಳು ಚಹಾದ ಲೋಟಗಳನ್ನು ಎತ್ತುತ್ತ ಕೇಳಿದಳು:

“ಹಂಗಾರ ನನ್ನ ಕಪ್ ಎಲ್ಲೈತ್ರಿ?”