ಮೂಳೆ ನೆಕ್ಕುವ ಸಸ್ಯಾಹಾರಿ

ನಮ್ಮ ಮಾವನಂಥ ಸಸ್ಯಾಹಾರಿ ಇಡೀ ಕ್ಯಾಲಿಫೋರ್ನಿಯಾ ಹುಡುಕಿದರೂ ಸಿಗಲಿಕ್ಕಿಲ್ಲ. ಮೊಟ್ಟೆ ಹಾಕಿದ ಕೇಕ್ ಮುಟ್ಟುವುದಿಲ್ಲ. ಬ್ರೆಡ್ ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನ ಹಾಗೆ ಇರುತ್ತದಲ್ಲ, ಆ ಅಕ್ಷರಗಳನ್ನೆಲ್ಲ ಕನ್ನಡಕ ಹಣೆಗೇರಿಸಿ ಓದಿ ಮುಗಿಸಿದ ಮೇಲೆಯೇ ಅದು ಬುಟ್ಟಿಗೆ ಬೀಳುವುದು. ಪಾರ್ಟಿಯಲ್ಲಿ ಚಿಕನ್ ಎತ್ತಿದ ಚಮಚ ಪಲಾವಿಗೆ ತಗುಲಿತೇನೋ ಎಂದು ಅನುಮಾನ ಬಂದರೆ ಸಾಕು, ಬರೀ ಸೌತೆಕಾಯಿ ತಿಂದು ಮನೆಗೆ ಬರುತ್ತಾರೆ. ಆದರೆ ಮೂಳೆ ನೆಕ್ಕುತ್ತಾರೆ!

ಗಾಬರಿಯಾಗಬೇಡಿ. ಅದು ಮೂರು ಕೋಟಿ ವರ್ಷ ಹಳೆಯ ಮೂಳೆ. ಅಷ್ಟು ಹಳೆಯದಾದರೆ ಮೂಳೆ ಸಸ್ಯಾಹಾರವಾಗಿಬಿಡುತ್ತದೆಯೇ? ನನಗೆ ಗೊತ್ತಿಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಅಮ್ಮನ ಅಣ್ಣನಾದ ಈ ಮಾವ ಸ್ಪಾನ್ಸರ್ ಮಾಡಿದ್ದರಿಂದ ಅಮ್ಮನ ಜೊತೆ ಇಲ್ಲಿಗೆ ಬಂದೆ. ಸ್ಯಾನ್ ರಮೋನಿನಲ್ಲಿ ದೋಸೆ ಹಿಟ್ಟಿನ ವ್ಯಾನು ಓಡಿಸುತ್ತೇನೆ. ಹಿಟ್ಟು ಹುಳಿ ಬರುವುದರೊಳಗೆ ಅಂಗಡಿಗೆ ಮುಟ್ಟಿಸುವ ಕೆಲಸ, ಆದ್ದರಿಂದ ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಮಾವ ಸಾಫ್ಟ್‌ವೇರ್ ಆಫೀಸಿನಿಂದ ರಿಟೈರಾದ ತಿಂಗಳೇ ಅವರ ಬಲಗೈ ನಡುಗುವುದಕ್ಕೆ ಶುರುವಾಯಿತು. ಮೊದಮೊದಲು ಲೋಟದ ಕಾಫಿ ಅಷ್ಟಿಷ್ಟು ತುಳುಕುತ್ತಿತ್ತು. ಆಮೇಲೆ ಸಹಿ ಹಾಕಿದರೆ ಬ್ಯಾಂಕಿನವರು ಫೋನು ಮಾಡತೊಡಗಿದರು. ಡಾಕ್ಟರು, ಇದರಿಂದ ಜೀವಕ್ಕೇನೂ ಭಯವಿಲ್ಲ, ಆದರೆ ಹೋಗುವುದೂ ಇಲ್ಲ, ನಿಧಾನವಾಗಿ ಜಾಸ್ತಿಯಾಗುತ್ತದೆ ಎಂದರು. ಬೇರೆಯವರಾಗಿದ್ದರೆ ಹರಕೆ ಹೊರುತ್ತಿದ್ದರು. ನಮ್ಮ ಮಾವ ಟೀವಿಯಲ್ಲಿ ಬ್ಯಾಡ್‌ಲ್ಯಾಂಡ್ಸ್ ಎಂಬ ಬರಡು ಗುಡ್ಡಗಳನ್ನೂ ಅಲ್ಲಿ ಮಣ್ಣಿನಲ್ಲಿ ಸಿಗುವ ಹಳೇ ಪ್ರಾಣಿಗಳ ಮೂಳೆಗಳನ್ನೂ ನೋಡಿಬಿಟ್ಟರು.

"ಲೋ, ಈ ಕೈ ಪೂರ್ತಿ ಕೆಡೋದ್ರೊಳಗೆ ಒಂದು ಪ್ರಾಣೀನ ಕಲ್ಲಿಂದ ಈಚೆ ತೆಗೀಬೇಕು ಕಣೋ. ಒಂದೇ ಒಂದು. ನನ್ನ ಕೈಯಾರೆ."

"ಯಾಕೆ ಮಾವ? ಆರಾಮಾಗಿ ಉಂಡು ಮಲಗಿ."

"ಮೂವತ್ತೈದು ವರ್ಷ ಕೀಬೋರ್ಡ್ ಕುಟ್ಟಿದೀನಿ. ಕುಟ್ಟಿದ್ದೆಲ್ಲ ಅಳಿಸಿ ಹೊಸ ಪ್ರೋಗ್ರಾಂ ಹಾಕಿದ್ರು. ನಾನು ಮಾಡಿದ್ದು ಅಂತ ಒಂದೇ ಒಂದು ತೋರಿಸು, ನೋಡೋಣ."

ತೋರಿಸಲು ನನ್ನ ಹತ್ತಿರ ಏನಿದೆ? ವ್ಯಾನಿನ ಕೀಲಿ ಎತ್ತಿಕೊಂಡೆ.

ಕಲ್ಲು ಯಾವುದು, ಕಲ್ಲಾದ ಮೂಳೆ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲವಂತೆ. ನಾಲಿಗೆ ಮುಟ್ಟಿಸಬೇಕಂತೆ. ಮೂಳೆಯಲ್ಲಿ ಸಣ್ಣ ಸಣ್ಣ ತೂತು ಇರುವುದರಿಂದ ನಾಲಿಗೆ ಅಂಟಿಕೊಳ್ಳುತ್ತದೆ. ಕಲ್ಲಾದರೆ ಜಾರುತ್ತದೆ. ಇಷ್ಟು ತಿಳಿದದ್ದೇ ತಡ, ಮಾವ ಅಭ್ಯಾಸ ಶುರು ಮಾಡಿದರು. ಹೂಕುಂಡದ ಕಲ್ಲು ಮುಗಿಯಿತು. ಡ್ರೈವ್‌ವೇ ಜಲ್ಲಿ ಮುಗಿಯಿತು. ಪಕ್ಕದ ಮನೆಯವರು ಅಂದಕ್ಕೆಂದು ಜೋಡಿಸಿಟ್ಟ ಬಿಳಿ ಕಲ್ಲುಗಳಿಗೂ ಒಂದು ದಿನ ನಾಲಿಗೆ ಹೋಯಿತು. ಆ ಮನೆಯ ಹೆಂಗಸು ಕಿಟಕಿಯಿಂದ ನೋಡಿ ನನ್ನನ್ನು ಕರೆದು, ನಿಮ್ಮ ಅಂಕಲ್‌ಗೆ ಮನೆಯಲ್ಲಿ ಸರಿಯಾಗಿ ಊಟ ಹಾಕುತ್ತಾರಾ ಎಂದು ಮೆಲ್ಲಗೆ ಕೇಳಿದರು. ಮಾರನೇ ದಿನ ಪಾಪ, ಹಣ್ಣಿನ ಹೂರಣದ ಬಿಸಿ ಬಿಸಿ ಪೈ ಮಾಡಿ ತಂದುಕೊಟ್ಟರು. ಮೊಟ್ಟೆ ಇರಬಹುದೆಂದು ಮಾವ ಮುಟ್ಟಲಿಲ್ಲ!

ಕಲ್ಲಿನ ಅಭ್ಯಾಸ ಮುಗಿದ ಮೇಲೆ ನಿಜವಾದ ಹಳೇ ಮೂಳೆಯದೊಂದು ತುಂಡು ಕೊಂಡು ತಂದರು. ಅದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ನೆಕ್ಕುತ್ತಿದ್ದಾಗ ಅತ್ತೆ ಸೌಟು ಹಿಡಿದುಕೊಂಡು ತಿರುಗಿದರು.

"ರೀ, ಒಂದು ಮಾತು ಹೇಳಿಬಿಡಿ. ಇದು ಮೂಳೇನೋ ಕಲ್ಲೋ?"

"ಮೂಳೆ ಕಣೇ! ಅಸಲಿ ಮೂಳೆ. ನೋಡಿಲ್ಲಿ ಹೇಗೆ ಅಂಟುತ್ತೆ!"

"ಮೂಳೆ ನೆಕ್ಕಿದ ಬಾಯಲ್ಲಿ ನನ್ನ ಅಡುಗೆಮನೆ ಹೊಸಲು ದಾಟಬೇಡಿ."

"ಅಯ್ಯೋ, ಈಗ ಮೂಳೆ ಎಲ್ಲಿದೆ? ಒಳಗೆಲ್ಲ ಖನಿಜ ತುಂಬಿ ಯಾವತ್ತೋ ಕಲ್ಲಾಗೋಯ್ತು."

"ಕಲ್ಲು ನೆಕ್ತಾ ಇದೀರಾ ಹಾಗಾದ್ರೆ? ನಾಳೆನೇ ತಲೆ ಡಾಕ್ಟರ ಹತ್ರ ಹೋಗೋಣ, ನಡೀರಿ."

ಮಾವ ನನ್ನ ಮುಖ ನೋಡಿದರು. ನಾನು ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಆವತ್ತಿನಿಂದ ಆ ಮನೆಯಲ್ಲೊಂದು ಒಪ್ಪಂದ ಜಾರಿಯಲ್ಲಿದೆ. ಊಟಕ್ಕೆ ಮುಂಚೆ ಅದು ಕಲ್ಲು, ಊಟ ಆದಮೇಲೆ ಮೂಳೆ.

ಬೇಸಿಗೆಯಲ್ಲಿ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್‌ಗೇ ಹೊರಟೆವು. ಮಾವನ ಕೈಗೆ ಸ್ಟೀರಿಂಗ್ ಕೊಡುವ ಹಾಗಿಲ್ಲ, ಎರಡು ದಿನ ನಾನೇ ಓಡಿಸಿದೆ. ಅತ್ತೆ ಕುಕ್ಕರ್ ಸಮೇತ ಬಂದರು. ಅಲ್ಲಿ ಏನಿದೆ ಅಂತೀರಿ? ಒಂದು ಮರವಿಲ್ಲ. ಬೂದಿ ಬಣ್ಣ, ಗುಲಾಬಿ ಬಣ್ಣದ ಪಟ್ಟೆ ಪಟ್ಟೆ ಮಣ್ಣುಗುಡ್ಡ, ಮಳೆ ಕೊರೆದ ಕೊರಕಲು, ಮತ್ತೆ ಮಣ್ಣುಗುಡ್ಡ. ಮಾವನಿಗೆ ಮಾತ್ರ ಸಂತೆಗೆ ಬಂದಷ್ಟು ಸಂಭ್ರಮ.

"ಇಲ್ಲಿ ನಾಯಿ ಗಾತ್ರದ ಕುದುರೆ ಇತ್ತು ಕಣೇ! ಒಂದೊಂದು ಕಾಲಿಗೆ ಮೂರು ಮೂರು ಬೆರಳು. ಕೊಂಬಿಲ್ಲದ ಘೇಂಡಾಮೃಗ ಇತ್ತು. ಆಮೆ, ಮೊಸಳೆ, ಥರಾವರಿ ಹಕ್ಕಿ, ಎಲ್ಲ ಇತ್ತು!"

ಅತ್ತೆ ಸುತ್ತ ನೋಡಿ, "ಈಗ ಒಂದು ಬಾತ್‌ರೂಮೂ ಇಲ್ಲ," ಎಂದರು.

ಅಲ್ಲಿ ಬೋರ್ಡು ಹಾಕಿದ್ದಾರೆ. ಏನೇ ಕಂಡರೂ ಎತ್ತಬಾರದು, ಇದ್ದಲ್ಲೇ ಬಿಟ್ಟು ಫೋಟೋ ತೆಗೆದು ತಿಳಿಸಬೇಕು. ಮಾವ ಕಾನೂನಿಗೆ ತುಂಬ ಬೆಲೆ ಕೊಡುವವರು. ಎತ್ತಿ ನೆಕ್ಕುವ ಹಾಗಿಲ್ಲ, ಸರಿ, ಬಾಯಿಯ ಮಟ್ಟಕ್ಕೆ ಕಲ್ಲು ಬರದಿದ್ದರೆ ಕಲ್ಲಿನ ಮಟ್ಟಕ್ಕೆ ಬಾಯೇ ಹೋಗಬೇಕು! ಸುಡು ಬಿಸಿಲಿನಲ್ಲಿ ಬೋರಲು ಮಲಗಿ ನಾಲಿಗೆ ಚಾಚಿದರು. ಕಾರಿನಲ್ಲಿ ಕೂತಿದ್ದ ಅತ್ತೆ, "ನೋಡೋ, ಭೂಮಿತಾಯಿಗೆ ಸಾಷ್ಟಾಂಗ ಹಾಕ್ತಿದಾರೆ. ಈ ವಯಸ್ಸಿಗಾದ್ರೂ ಭಕ್ತಿ ಬಂತಲ್ಲ!" ಎಂದು ತಾವೂ ಕೈ ಮುಗಿದರು.

ಅಷ್ಟರಲ್ಲಿ ಟೋಪಿ ಹಾಕಿದ ರೇಂಜರ್ ಒಬ್ಬ ನೀರಿನ ಬಾಟಲಿ ಹಿಡಿದು ಓಡಿ ಬಂದ. "ಸರ್, ಕೇಳಿಸ್ತಿದೆಯಾ? ಸರ್!" ಮಾವ ಉತ್ತರ ಕೊಡುವುದು ಹೇಗೆ? ನಾಲಿಗೆ ನೆಲದಲ್ಲಿದೆ. ಏನಿಲ್ಲ ಎಂದು ಕೈ ಆಡಿಸಿದರು. ಆ ಕೈ ನಡುಗಿದ್ದು ನೋಡಿ ಇವರಿಗೆ ಫಿಟ್ಸೇ ಬಂದಿದೆ ಎಂದು ಖಾತ್ರಿಯಾಗಿ ಅವನು ರೇಡಿಯೋ ತೆಗೆದ. ಮಾವ ತಲೆ ಎತ್ತಿ, ಗಡ್ಡಕ್ಕೆಲ್ಲ ಮಣ್ಣು ಮೆತ್ತಿಕೊಂಡು, "ಇಟ್ ಈಸ್ ಬೋನ್!" ಎಂದು ಕೂಗಿದರು.

ದಯವಿಟ್ಟು ನೆಕ್ಕಬೇಡಿ ಎಂದ ರೇಂಜರ್. ಬೋರ್ಡಿನಲ್ಲಿ ಎತ್ತಬಾರದು ಎಂದಷ್ಟೇ ಇದೆ, ನೆಕ್ಕಬಾರದು ಎಂದು ಎಲ್ಲಿದೆ ತೋರಿಸಿ ಎಂದರು ಮಾವ. ಪುಣ್ಯಾತ್ಮ ನಿಜವಾಗಿಯೂ ಹೋಗಿ ಬೋರ್ಡು ಓದಿ ಬಂದ!

ಅದು ಮೂಳೆಯೇ ಆಗಿತ್ತು. ಫಾರಂ ತುಂಬಿಸಿಕೊಂಡರು, ಫೋಟೋ ತೆಗೆದರು, ಕೈ ಕುಲುಕಿದರು. ಮಾವನ ಮುಖ ಮಾತ್ರ ಸಣ್ಣಗಾಯಿತು. "ಹುಡುಕಿದ್ದು ನಾನು. ತೆಗೆಯೋದು ಬೇರೆ ಯಾರೋ." ಅದಕ್ಕೆ ರೇಂಜರೇ ದಾರಿ ಹೇಳಿದ. ಇಂಥ ನೆಲದಿಂದ ಎಷ್ಟೋ ವರ್ಷದ ಹಿಂದೆ ಕಲ್ಲುಮಣ್ಣು ಸಮೇತ ತೆಗೆದು ಪ್ಲಾಸ್ಟರ್ ಸುತ್ತಿಟ್ಟ ಮೂಳೆಗಳು ಊರೂರ ಲ್ಯಾಬುಗಳಲ್ಲಿ ಬಿದ್ದಿವೆ, ಬಿಡಿಸುವವರಿಲ್ಲ, ನಿಮ್ಮ ಕ್ಯಾಲಿಫೋರ್ನಿಯಾದಲ್ಲೂ ಇವೆ, ಕೇಳಿ ನೋಡಿ ಎಂದ.

ಹೀಗೆ ಮಾವನಿಗೆ ಶನಿವಾರದ ಕೆಲಸ ಸಿಕ್ಕಿತು. ಮನೆಯಿಂದ ಅರ್ಧ ಗಂಟೆ ದೂರದ ಲ್ಯಾಬು. ನೋಡಿಕೊಳ್ಳುವ ಮೇಡಂ ತೆಂಗಿನಮರದಷ್ಟು ಎತ್ತರ, ಮಾತು ಮೆತ್ತಗೆ. ಆರು ತಿಂಗಳು ಚೂರುಪಾರು ಮೂಳೆಯಲ್ಲಿ ಪಳಗಿಸಿ, ಆಮೇಲೆ ತೆಂಗಿನಕಾಯಿ ಗಾತ್ರದ ಒಂದು ಕಲ್ಲುಂಡೆ ಕೊಟ್ಟರು. ಒಳಗೆ ಆ ಮೂರು ಬೆರಳಿನ ಕುದುರೆಯ ದವಡೆ ಇತ್ತು. ಹಲ್ಲಿನ ಡಾಕ್ಟರರ ಸೂಜಿಯಂಥದ್ದು ಹಿಡಿದು ಒಂದೊಂದೇ ಕಣ ಕಲ್ಲು ಕೆದಕಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೆದಕಿದರೆ ಸಾಸಿವೆ ಕಾಳಿನಷ್ಟು ಜಾಗ ತೆರವಾಗುತ್ತದೆ. ಕಾದು ಕಾದು ನನಗೆ ತಲೆ ಕೆಟ್ಟಿತು.

"ಮಾವ, ಸುತ್ತಿಗೆ ತಗೊಂಡು ಒಂದು ಬಾರಿಸಿದ್ರೆ ಆಗಲ್ವಾ?" ಎಂದು ಕೈ ಎತ್ತಿ ತೋರಿಸಿದೆ. ಕನ್ನಡ ಬಾರದ ಆ ಮೇಡಂ ಓಡಿ ಬಂದು ದವಡೆಗೆ ಅಡ್ಡ ನಿಂತರು!

ಒಂದೂವರೆ ವರ್ಷದಲ್ಲಿ ದವಡೆ ಹೆಚ್ಚುಕಡಿಮೆ ಹೊರಗೆ ಬಂತು. ಇನ್ನು ಒಂದು ಹಲ್ಲು ಬಾಕಿ ಎನ್ನುವಾಗ ಮಹಾಲಯ ಅಮಾವಾಸ್ಯೆ ಬಂತು. ದೇವಸ್ಥಾನದಲ್ಲಿ ನಮ್ಮ ಹಿರಿಯರಿಗೆಲ್ಲ ಎಳ್ಳುನೀರು ಬಿಟ್ಟಾದ ಮೇಲೂ ಮಾವ ಮೇಲೇಳಲಿಲ್ಲ.

"ಭಟ್ಟರೇ, ಇನ್ನೊಬ್ಬರಿದಾರೆ. ವಂಶ ನಿಂತುಹೋಗಿದೆ. ನೀರು ಬಿಡೋರು ಯಾರೂ ಇಲ್ಲ."

"ಪಾಪ. ಹೆಸರು?"

"ಗೊತ್ತಿಲ್ಲ."

"ಗೋತ್ರ?"

"ಅದೂ ಗೊತ್ತಿಲ್ಲ."

"ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳೋಣ. ಹೇಗೆ ಹೋದರು?"

"ಕೆಸರಲ್ಲಿ ಹೂತುಹೋಗಿ."

"ಶಿವ ಶಿವ! ಯಾವಾಗ?"

"ಮೂರು ಕೋಟಿ ವರ್ಷ ಆಯ್ತು."

ಭಟ್ಟರು ಪಂಚಪಾತ್ರೆ ಕೆಳಗಿಟ್ಟರು. "ಮನುಷ್ಯರು ತಾನೇ?"

"ಕುದುರೆ."

ಈಗ ಹೊರಗೆ ಹಾಕುತ್ತಾರೆ ಎಂದುಕೊಂಡು ನಾನು ಚಪ್ಪಲಿ ಎಲ್ಲಿದೆ ನೋಡಿಕೊಂಡೆ. ಭಟ್ಟರು ಕಣ್ಣು ಮುಚ್ಚಿ ಯೋಚಿಸಿದರು. "ಪಶು, ಪಕ್ಷಿ, ಹಾವು, ಎಲ್ಲ ಕಶ್ಯಪರ ಸಂತಾನವೇ. ಗೋತ್ರ ಸರಿಯಾಗಿಯೇ ಬಂದಿದೆ. ಬಿಡಿ ನೀರು!"

ಮಾವ ಬಿಟ್ಟರು. ಆದರೆ ಕೈ ನಿಲ್ಲಬೇಕಲ್ಲ? ಒಂದಷ್ಟು ಭಟ್ಟರ ಪಂಚೆಗೆ, ಒಂದಷ್ಟು ನನ್ನ ಫೋನಿಗೆ. ಕುದುರೆಗೆ ಒಂದು ತೊಟ್ಟಾದರೂ ಸಿಕ್ಕಿತೋ ಇಲ್ಲವೋ. ವಾಪಸು ಬರುವಾಗ ಮಾವ ಆ ಕೈಯನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದುಕೊಂಡೇ ಕೂತಿದ್ದರು. "ಒಂದೇ ಹಲ್ಲು ಕಣೋ. ಅಲ್ಲೀವರೆಗೆ ತಡೆದ್ರೆ ಸಾಕು."

ತಡೆಯಲಿಲ್ಲ. ಮುಂದಿನ ಶನಿವಾರವೇ ಸೂಜಿ ಜಾರಿತು. ದವಡೆಯ ಅಂಚಿನಿಂದ ಉಗುರಿನಷ್ಟು ಚೂರು ಸಿಡಿದು ಮೇಜಿನ ಕೆಳಗೆ ಹೋಯಿತು. ನಾನು ಮೊಣಕಾಲೂರಿ ಹುಡುಕಿ ಕೊಟ್ಟೆ. ಮೇಡಂ ಅಂಟು ಹಾಕಿ ಕೂರಿಸಿದರು. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಹಲ್ಲಿನ ಸುತ್ತ ಮೂಳೆ ತುಂಬ ತೆಳು, ಇನ್ನೊಂದು ಸಲ ಹೀಗಾದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಮಾವನ ಭುಜ ಮುಟ್ಟಿ ಹೇಳಿದರು. ಫ್ರೀವೇ ಹಿಡಿದೆವು. ನಾನೋ, ಬಾಯಿ ಮುಚ್ಚಿಕೊಂಡಿರಬೇಕಿತ್ತು, "ಹೋಗ್ಲಿ ಬಿಡಿ, ಸತ್ತ ಕುದುರೆ ತಾನೇ," ಎಂದೆ. ಮನೆಯಲ್ಲಿ ಅತ್ತೆ ಮೂಳೆಯೋ ಕಲ್ಲೋ ಕೇಳಲಿಲ್ಲ. ಲೋಟದಲ್ಲಿ ಅರ್ಧ ಮಾತ್ರ ಕಾಫಿ ಬಗ್ಗಿಸಿ, ಚೆಲ್ಲದ ಹಾಗೆ, ಅವರ ಮುಂದಿಟ್ಟು ಹೋದರು.

ಮುಂದಿನ ವಾರ ಲ್ಯಾಬಿನಲ್ಲಿ ಮಾವ ತಮ್ಮ ಸ್ಟೂಲು ಎಳೆದು ನನಗೆ ತೋರಿಸಿದರು.

"ಕೂತ್ಕೋ."

"ನಾನಾ? ನಂಗೇನು ಬರುತ್ತೆ ಮಾವ?"

"ಹಿಟ್ಟಿನ ಡಬ್ಬ ಎಂಟೆಂಟು ಒಂದರ ಮೇಲೊಂದು ಪೇರಿಸ್ಕೊಂಡು ಮೆಟ್ಟಿಲು ಹತ್ತುತ್ತೀಯ. ಒಂದು ತೊಟ್ಟು ಚೆಲ್ಲಿದ್ದು ನಾನು ನೋಡಿಲ್ಲ."

"ನಿಮ್ಮ ಕೈಯಾರೆ ತೆಗೀಬೇಕು ಅಂದಿದ್ರಿ?"

"ಅಂದಿದ್ದೆ. ಈಗ ಕೂತ್ಕೋ ಅಂತಿದೀನಿ."

ಮೇಡಂ ನನ್ನ ಎರಡೂ ಕೈ ತಿರುಗಿಸಿ ನೋಡಿ, ಒಂದು ತಿಂಗಳು ಚೂರುಪಾರು ಮೂಳೆಯಲ್ಲಿ ಪರೀಕ್ಷೆ ಮಾಡಿದರು. ನಾನು ಜೀವನದಲ್ಲಿ ಪಾಸಾದ ಪರೀಕ್ಷೆ ಅದೊಂದೇ! ಆಮೇಲೆ ದವಡೆ ನನ್ನ ಮುಂದೆ ಬಂತು.

ನಾನು ಕೆದಕುತ್ತೇನೆ. ದೂಳು ಕೂರುತ್ತದೆ, ಏನೂ ಕಾಣುವುದಿಲ್ಲ. ಆಗ ಮಾವ ಬಗ್ಗಿ, ಮಗುವಿನ ಗಾಯಕ್ಕೆ ಊದುವ ಹಾಗೆ ಮೆಲ್ಲಗೆ ಊದುತ್ತಾರೆ. ಕೈ ನಡುಗಿದರೂ ಉಸಿರು ನಡುಗುವುದಿಲ್ಲ. ನಾನು ಕೆದಕುವುದು, ಅವರು ಊದುವುದು. ಹೀಗೆ ನಾಲ್ಕು ಶನಿವಾರ. ನಾನು ಅವಸರ ಮಾಡಿದರೆ, "ನಿಧಾನ ಕಣೋ. ಅದಕ್ಕೇನೂ ಅರ್ಜೆಂಟಿಲ್ಲ," ಎನ್ನುತ್ತಿದ್ದರು.

ಐದನೇ ಶನಿವಾರ ಹಲ್ಲು ಪೂರ್ತಿ ಕಂಡಿತು. ಅದರ ಬುಡದಲ್ಲಿ, ಮೂಳೆ ಎಂದೋ ಸವೆದು ತೂತಾಗಿದ್ದ ಕಡೆ, ಒಳಗೆ ಇನ್ನೊಂದು ಹಲ್ಲಿನ ತುದಿ.

"ಮಾವ, ಕೆಳಗೆ ಇನ್ನೊಂದಿದೆ. ಇದೇನಿದು?"

ಮಾವ ಭೂತಗನ್ನಡಿ ಎಳೆದುಕೊಂಡು ತುಂಬ ಹೊತ್ತು ನೋಡಿದರು. ಯಾವುದಕ್ಕೂ ಒಂದು ಗಂಟೆ ಪಾಠ ಮಾಡುವವರು, ಆವತ್ತು ಮಾತು ನಾಲ್ಕೇ.

"ಮೇಲಿರೋದು ಹಾಲುಹಲ್ಲು ಕಣೋ. ಅದು ಬೀಳೋಕೆ ಮುಂಚೇನೇ ಕುದುರೆ ಸತ್ತುಹೋಗಿದೆ. ಮರಿ."

ಆಮೇಲೆ ಆ ದವಡೆಯ ಹತ್ತಿರ ಬಾಯಿ ತಂದು, ಶಾಲೆಯಿಂದ ತಡವಾಗಿ ಬಂದ ಮಗುವನ್ನು ಕೇಳುವ ಹಾಗೆ, "ಬಂದ್ಯಾ?" ಎಂದರು.

ಅವರ ಬಲಗೈ ನನ್ನ ತಲೆ ಮೇಲೆ ಬಂತು. ನಡುಗುತ್ತಲೇ ಇತ್ತು, ನನ್ನ ಕೂದಲೆಲ್ಲ ಕೆದರಿತು. ನಾನು ಸೂಜಿ ಕೆಳಗಿಟ್ಟು, ತಲೆ ಅಲ್ಲಾಡಿಸದೆ ಹಾಗೇ ಕೂತೆ.